ಬಾಪುಸಾಹೇಬರ ಹಂದಿ ನಮೂನೆಯ ಪಿತ್ತನಾಳ

ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ಬಾಪುಸಾಹೇಬ ಮಗದುಮ್ಮರು ಕಂಟ್ರೋಲರ್ ಆಗಿದ್ದ ಕಾಲದಲ್ಲಿ, ಅಂದರೆ ಎಂಬತ್ತೇಳು ಎಂಬತ್ತೆಂಟನೆಯ ಇಸವಿಯ ಸುಮಾರಿಗೆ, ಅವರು ಮೈಕಿನ ಭೋಂಗಾದಲ್ಲಿ ಕೂಗಿದ ಊರಿಗೇ ಗಾಡಿ ಹೋಗುತ್ತದೆಂದು ಯಾರೂ ಪೂರ್ತಿ ನಂಬುತ್ತಿರಲಿಲ್ಲ. ಅಥಣಿ ಎನ್ನಬೇಕಾದಲ್ಲಿ ರಾಯಬಾಗ ಎಂದು, ರಾಯಬಾಗ ಎನ್ನಬೇಕಾದಲ್ಲಿ ‘ಆಗಲೇ ಹೇಳಿದ ಊರು’ ಎಂದು ಅವರು ಘೋಷಿಸುವುದುಂಟು. ದನಿ ಮಾತ್ರ ಗಂಟೆಯಂಥದು. ತಪ್ಪನ್ನು ಅಷ್ಟು ಸ್ಪಷ್ಟವಾಗಿ ಹೇಳಬಲ್ಲವರು ಆ ಭಾಗದಲ್ಲಿ ಇನ್ನೊಬ್ಬರಿರಲಿಲ್ಲ.

ಅಂಥವರಿಗೆ ಒಂದು ಮಧ್ಯಾಹ್ನ ಬಲಪಕ್ಕೆಯ ಕೆಳಗೆ ಕಡಗೋಲು ಹಾಕಿ ತಿರುವಿದಂಥ ನೋವು ಬಂತು. ಬಂದದ್ದು ಪ್ರಕಟಣೆಯ ನಟ್ಟನಡುವೆ. “ಚಿಕ್ಕೋಡಿಗೆ ಹೋಗುವ ಗಾಡಿ... ಅಯ್ಯಯ್ಯೋ ಯವ್ವಾ, ಸತ್ತ್ನಿ!” ಎಂಬುದನ್ನು ಕೇಳಿ ಚಿಕ್ಕೋಡಿ ಗಾಡಿಯಲ್ಲಿ ಕೂತಿದ್ದ ಅಷ್ಟೂ ಜನ ಬಾಗಿಲಿನಿಂದಲೂ ಕಿಟಕಿಯಿಂದಲೂ ಕೆಳಗೆ ಹಾರಿದರು. ಡ್ರೈವರ್ ಲಗಮಪ್ಪ ಬ್ರೇಕು ನೋಡಲು ಗಾಡಿಯ ಅಡಿಗೆ ತೂರಿದ. ಕಂಟ್ರೋಲರ್ ಸಾಹೇಬರು ಮೈಕಿನ ಮೇಲೆ ಬೋರಲು ಬಿದ್ದಿರುವುದು ಯಾರ ಕಣ್ಣಿಗೋ ಬಿದ್ದು, ಅದೇ ಗಾಡಿಯನ್ನು ತಿರುಗಿಸಿ ಅವರನ್ನು ಮಿರಜಿಗೆ ಸಾಗಿಸಿದರು. ಮುಂದೇನಾಗುತ್ತದೋ ನೋಡೋಣವೆಂದು ಚಿಕ್ಕೋಡಿಯವರೂ ಜೊತೆಗೆ ಹೋದರು.

ಮಿರಜಿನ ಡಾಕ್ಟರು ಹೊಟ್ಟೆ ಕೊಯ್ದು, ಹರಳು ತುಂಬಿದ್ದ ಪಿತ್ತಕೋಶವನ್ನು ತೆಗೆದುಹಾಕಿದರು. ಒಂದು ಹರಳು ಕೆಳಗೆ ಜಾರಿ, ಪಿತ್ತನಾಳ ಕರುಳಿಗೆ ಸೇರುವ ಬಾಯಲ್ಲಿ ಬೆಣೆ ಹೊಡೆದಂತೆ ಕೂತಿತ್ತು. ಅದನ್ನೂ ಬಿಡಿಸಿ, ನಾಳಗಳಿಗೆ ಔಷಧ ಬಿಟ್ಟು ಎಕ್ಸರೇ ತೆಗೆದರು. ಬಾಪುಸಾಹೇಬರು ದಿಂಬಿಗೊರಗಿ ಗಂಜಿ ಕುಡಿಯುವಷ್ಟು ಚೇತರಿಸಿಕೊಂಡ ಮೇಲೆ ಡಾಕ್ಟರು ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಮರಾಠಿಯಲ್ಲಿ ವಿವರಿಸಿದರು. ಬಹಳ ಜನರಲ್ಲಿ ಪಿತ್ತದ ನಾಳವೂ ಮೇದೋಜೀರಕದ ನಾಳವೂ ಕೂಡಿಕೊಂಡು ಒಂದೇ ಬಾಯಿಂದ ಕರುಳಿಗೆ ಇಳಿಯುತ್ತವೆ. ಬಾಪುಸಾಹೇಬರಲ್ಲಿ ಎರಡಕ್ಕೂ ಬೇರೆ ಬೇರೆ ಬಾಯಿ. ಹರಳು ಒಂದನ್ನು ಮುಚ್ಚಿದರೂ ಇನ್ನೊಂದು ತೆರೆದೇ ಇತ್ತು. ಹಾಗಾಗಿ ಮೇದೋಜೀರಕ ಊದಿಕೊಳ್ಳಲಿಲ್ಲ, ಜೀವ ಉಳಿಯಿತು. ಇಷ್ಟು ಹೇಳಿ ಡಾಕ್ಟರು ನಗುತ್ತ, “ತುಮಚೀ ಪಿತ್ತನಲಿಕಾ ಅಗದೀ ಡುಕರಾಸಾರಖೀ ಆಹೇ, ಬಾಪುಸಾಹೇಬ!” ಎಂದರು. ನಿಮ್ಮ ಪಿತ್ತನಾಳ ಥೇಟು ಹಂದಿಯದರ ಹಾಗಿದೆ ಎಂದು ಅದರ ಅರ್ಥ.

ಪಕ್ಕದ ಮಂಚದಲ್ಲಿ ಹರ್ನಿಯಾ ಆಪರೇಶನ್ ಮಾಡಿಸಿಕೊಂಡು ಮಲಗಿದ್ದವನು ಬಾಪುಸಾಹೇಬರದೇ ಊರಾದ ಶೇಡಬಾಳದ ಬಟ್ಟೆ ವ್ಯಾಪಾರಿ ರಾಜಾರಾಮ. ಅವನಿಗೆ ಆಗ ಅರೆನಿದ್ದೆ. ‘ಡುಕರಾಸಾರಖೀ’ ಎಂದರೆ ಹಂದಿಯಂಥದು, ‘ಡುಕರಾಚೀ’ ಎಂದರೆ ಹಂದಿಯದು. ನಡುವಿನ ಅಕ್ಷರಗಳು ರಾಜಾರಾಮನ ದಿಂಬಿನ ಹತ್ತಿಯಲ್ಲಿ ಸಿಕ್ಕಿಕೊಂಡವು. ಗಡಿಭಾಗದಲ್ಲಿ ಎರಡು ಭಾಷೆ ಬಲ್ಲವರಿಗೆ ಇದೊಂದು ಅನುಕೂಲವಿದೆ. ಒಂದರಲ್ಲಿ ತಪ್ಪಾಗಿ ಕೇಳಿಸಿಕೊಂಡದ್ದನ್ನು ಇನ್ನೊಂದರಲ್ಲಿ ಸ್ವಚ್ಛವಾಗಿ ಹೇಳಬಹುದು.

ಇತ್ತ ಬಾಪುಸಾಹೇಬರಿಗೆ ಆದದ್ದು ಗಾಬರಿಯಲ್ಲ, ಹೆಮ್ಮೆ. ಅವರ ವಂಶದಲ್ಲಿ ಅಲ್ಲಿಯವರೆಗೆ ಯಾರಿಗೂ ವಿಶೇಷವಾದದ್ದೇನೂ ಇರಲಿಲ್ಲ. ಇಂಥದು ಎಷ್ಟು ಜನಕ್ಕಿರುತ್ತದೆ ಎಂದು ಕೇಳಿದ್ದಕ್ಕೆ ಡಾಕ್ಟರು “ಕಡಿಮೆ” ಎಂದಿದ್ದರು. ಆ ಮಾತು ಮಿರಜ್ ಸ್ಟೇಶನ್ನು ಬಿಡುವಾಗ ಬಾಪುಸಾಹೇಬರ ಮನಸ್ಸಿನಲ್ಲಿ ‘ಲಕ್ಷಕ್ಕೊಬ್ಬ’ ಆಯಿತು, ಶೇಡಬಾಳ ಸ್ಟೇಶನ್ನಿನಲ್ಲಿ ಇಳಿಯುವಾಗ ‘ಹಿಂದುಸ್ತಾನಕ್ಕೊಬ್ಬ’ ಆಗಿತ್ತು.

ಡ್ಯೂಟಿಗೆ ಮರಳಿದ ದಿನ ಅವರು ಫಿಲ್ಮನ್ನು ಬಗಲಲ್ಲಿ ಇಟ್ಟುಕೊಂಡೇ ಹೋದರು. ಬಸ್ ಸ್ಟ್ಯಾಂಡಿನ ಅಂಗಳದಲ್ಲಿ ಸೂರ್ಯನಿಗೆ ಅಡ್ಡಲಾಗಿ ಅದನ್ನು ಹಿಡಿದು ಲಗಮಪ್ಪನನ್ನು ಕರೆದರು.

“ಇಲ್ಲಿ ನೋಡ ಲಗಮಪ್ಪ. ನಿನ್ನ ಹೊಟ್ಟ್ಯಾಗ ಪಿತ್ತದ ಗಾಡಿನೂ ಜೀರ್ಣರಸದ ಗಾಡಿನೂ ಒಂದ ಗೇಟಿನ್ಯಾಗ ಒಳಗ ಬರ್ತಾವು.”

“ನನ್ನ ಹೊಟ್ಟ್ಯಾಗ್ರಿ?” ಲಗಮಪ್ಪ ಹೊಟ್ಟೆ ಮುಟ್ಟಿ ನೋಡಿಕೊಂಡ.

“ನಿನ್ನ ಹೊಟ್ಟ್ಯಾಗನೂ ಅಷ್ಟ, ಡೆಪೋ ಮ್ಯಾನೇಜರ್ ಸಾಹೇಬರ ಹೊಟ್ಟ್ಯಾಗನೂ ಅಷ್ಟ. ಆ ಗೇಟಿನ್ಯಾಗ ಒಂದ ಕಬ್ಬಿನ ಟ್ರ್ಯಾಕ್ಟರ್ ಕೆಟ್ಟ ನಿಂತಿತಂದ್ರ ಏನ ಆಕ್ಕೈತಿ?”

“ಎರಡೂ ಗಾಡಿ ಬಂದ್ ಆಕ್ಕಾವ್ರಿ.”

“ಬರೋಬರಿ! ನನ್ನಾಗ ಗೇಟ ಎರಡ ಅದಾವು. ಒಂದ ಬಂದ್ ಆದ್ರ ಇನ್ನೊಂದ ಚಾಲೂ. ಅದಕ್ಕ ನಾ ನಿನ್ನ ಮುಂದ ನಿಂತೇನಿ.”

“ಭಾರೀ ಅನುಕೂಲ ಐತಿ ಬಿಡ್ರಿ ಸಾಹೇಬ್ರ. ಇಂಥಾ ನಮೂನಿ ಮತ್ತ ಯಾರಿಗಿ ಐತ್ರಿ?”

ಬಾಪುಸಾಹೇಬರು ಒಂದು ಕ್ಷಣ ಸುತ್ತ ನೋಡಿದರು. ಇಪ್ಪತ್ತು ಜನ ನೆರೆದಿದ್ದರು. ಸುಳ್ಳು ಹೇಳುವುದು ಅವರ ಧರ್ಮದಲ್ಲಿಲ್ಲ.

“ಹಂದೀಗೆ,” ಎಂದರು.

ಆ ಒಂದು ಶಬ್ದ ಮುಂದಿನ ಗಾಡಿಯಲ್ಲೇ ಹೊರಟಿತು. ಬಾಪುಸಾಹೇಬರು ಸಂಜೆ ಮನೆ ತಲುಪುವ ಮೊದಲೇ ಅದು ಶೇಡಬಾಳ ತಲುಪಿ, ರಾಜಾರಾಮನ ಅಂಗಡಿಯ ಗಾದಿಯ ಮೇಲೆ ಕೂತು, ಅವನ ಕಥೆಯೊಂದಿಗೆ ಲಗ್ನವಾಗಿತ್ತು.

“ನಾ ಕಣ್ಣಾರೆ ಕೇಳೇನಿ,” ಎಂದು ರಾಜಾರಾಮ ಬಟ್ಟೆ ಅಳೆಯುವ ಗಜವನ್ನು ನೆಲಕ್ಕೆ ಕುಟ್ಟಿ ಹೇಳುತ್ತಿದ್ದ. “ಹಳೇ ನಳಗಿ ಕೊಳತ ಹೋಗಿತ್ತು. ಮಿರಜ್ಯಾಗ ಹೊಸಾದ ಕೂಡಿಸ್ಯಾರ. ಡುಕರಾಚೀ. ತಾಜಾ.”

ಪಕ್ಕದ ಮನೆಯ ಗಂಗೂಬಾಯಿ ದಿನಾ ಮಜ್ಜಿಗೆ ಒಯ್ಯಲು ಅಡುಗೆಮನೆಯವರೆಗೆ ಬರುವವಳು ಅಂದು ಹೊಸ್ತಿಲಲ್ಲೇ ನಿಂತಳು. “ಚಂದ್ರಮತೀ, ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ. ಮಲಗಿದಾಗ ನಿಮ್ಮನಿಯವರು ಗುರ್ರ್ ಗುರ್ರ್ ಅಂತಾರೇನ?”

“ಗೊರಕಿ ಹೊಡಿತಾರ್ರಿ. ಮದಿವಿ ಆದಾಗಿಂದ ಹೊಡಿತಾರ,” ಎಂದಳು ಬಾಪುಸಾಹೇಬರ ಹೆಂಡತಿ ಚಂದ್ರಮತಿ.

“ಅದಲ್ಲ. ಈಗೀಗ ದನಿ ಏನರೆ ಬದಲ ಆಗೇತೇನ ಅಂತ ಕೇಳಿದ್ನಿ.”

ಮಜ್ಜಿಗೆ ಒಯ್ಯದೆ ಹೋದಳು. ಇಷ್ಟೇ ಆಗಿದ್ದರೆ ಬಾಪುಸಾಹೇಬರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅದೇ ಹೊತ್ತಿಗೆ ಊರಿಗೆ ದಿಗಂಬರ ಮುನಿ ಮಹಾರಾಜರೊಬ್ಬರು ಬರುವುದು ನಿಶ್ಚಯವಾಯಿತು. ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಅಂಗೈಯಲ್ಲೇ ಆಹಾರ ತೆಗೆದುಕೊಳ್ಳುವವರು. ಬೆಳಿಗ್ಗೆ ಮನಸ್ಸಿನಲ್ಲಿ ಒಂದು ನೇಮ ಹಿಡಿದು ಬಸದಿಯಿಂದ ಹೊರಡುತ್ತಾರೆ. ಇಂಥದು ಕಂಡ ಮನೆಯ ಮುಂದೆ ಮಾತ್ರ ನಿಲ್ಲುತ್ತೇನೆ ಎಂಬುದು ಆ ನೇಮ. ಅದು ಏನೆಂದು ಯಾರಿಗೂ ಹೇಳುವುದಿಲ್ಲ. ಕಾಣದಿದ್ದರೆ ಆ ದಿನ ಉಪವಾಸ. ಶ್ರಾವಕರು, ಅಂದರೆ ಊರಿನ ಜೈನ ಗೃಹಸ್ಥರು, ಮಡಿಯುಟ್ಟು, ಕಲಶ ಹಿಡಿದು, ತಂತಮ್ಮ ಬಾಗಿಲಲ್ಲಿ ನಿಂತು ಕರೆಯಬೇಕು.

ಬಾಪುಸಾಹೇಬರ ತಾಯಿ ಸೋನಾಬಾಯಿಗೆ ಇದು ಬರಿಯ ಪುಣ್ಯದ ಮಾತಾಗಿರಲಿಲ್ಲ. ಆಕೆ ಹೊಸ ಸೊಸೆಯಾಗಿ ಬಂದ ವರ್ಷ ಆ ಮನೆಯ ಮುಂದೆ ಮುನಿಗಳೊಬ್ಬರು ನಿಂತಿದ್ದರು. ಎರಡನೆಯ ತುತ್ತಿನಲ್ಲಿ ಕೂದಲು ಬಂತು. ಅವರು ಕೈ ಬಿಟ್ಟು, ಒಂದು ಮಾತೂ ಆಡದೆ, ಹಸಿದೇ ಹೊರಟುಹೋದರು. ಅನ್ನ ಬಡಿಸಿದವಳು ಸೋನಾಬಾಯಿ. ಅಂದಿನಿಂದ ಈ ಮನೆಗೆ ಇನ್ನೊಬ್ಬರು ಬಂದಿರಲಿಲ್ಲ.

ಮುನಿಗಳ ವ್ಯವಸ್ಥೆಯ ಸಮಿತಿಗೆ ಕಾಕಾಸಾಹೇಬ ಪಾಟೀಲರು ಅಧ್ಯಕ್ಷರು. ಅವರು ಒಂದು ಸಂಜೆ ಬಂದು, ಕೊಟ್ಟ ನೀರು ಮುಟ್ಟದೆ ಕೂತರು.

“ಬಾಪೂ, ಮಹಾರಾಜರು ಬರೂ ಹೊತ್ತಿಗಿ ನೀ ಬಾಗಲಾಗ ನಿಲ್ಲಬ್ಯಾಡ.”

“ಯಾಕ್ರಿ ಕಾಕಾ?”

“ನಿಂತವರು ಏನ ಹೇಳಬೇಕು? ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ. ಮನಶುದ್ಧಿ ಅನ್ನು, ನಾ ಅಡ್ಡ ಬರಂಗಿಲ್ಲ. ಕಾಯಶುದ್ಧಿ ಹೆಂಗ ಅಂತೀ? ಒಂದ ಅಂಗ ಮಿರಜ್ಯಾಗ ಬಿಟ್ಟ ಬಂದಿ, ಇನ್ನೊಂದ ಅಂಗ ಮಿರಜಿಂದ ತಂದಿ.”

“ತಂದಿಲ್ರಿ ಕಾಕಾ! ಅದು ನನಗ ಹುಟ್ಟಿದಾಗಿಂದ ಐತ್ರಿ.”

“ಹುಟ್ಟಿದಾಗಿಂದಾ?” ಕಾಕಾಸಾಹೇಬರು ಗಡಬಡಿಸಿ ಎದ್ದು ನಿಂತರು. “ಅಂದ್ರ ಇಷ್ಟ ವರ್ಷ ನೀ ಪಂಕ್ತ್ಯಾಗ ನನ್ನ ಬಾಜೂಕ ಕುಂತ ಉಂಡಿ?”

ಸತ್ಯವನ್ನು ವಿವರಿಸಿದಷ್ಟೂ ಅದು ಕೆಡುತ್ತದೆ ಎಂಬುದು ಬಾಪುಸಾಹೇಬರಿಗೆ ಅಂದು ಗೊತ್ತಾಯಿತು. ಆದರೂ ವಿವರಿಸುವುದನ್ನು ಅವರು ಬಿಡಲಿಲ್ಲ. ಎರಡು ಗೇಟು, ಕಬ್ಬಿನ ಟ್ರ್ಯಾಕ್ಟರ್, ಎಲ್ಲವನ್ನೂ ಹೇಳುತ್ತ ಬೀದಿಯ ತಿರುವಿನವರೆಗೂ ಕಾಕಾಸಾಹೇಬರ ಬೆನ್ನು ಹತ್ತಿದರು. ಕಾಕಾಸಾಹೇಬರು ಹಿಂತಿರುಗಿ ನೋಡದೆ ಹೆಜ್ಜೆ ಜೋರು ಮಾಡಿದರು.

ಮರುದಿನ ನಿಪ್ಪಾಣಿಯಿಂದ ಅಕ್ಕ ಲಕ್ಷ್ಮಿಬಾಯಿ ಬಂದಳು. ಓಣಿಯ ಬಾಯಲ್ಲೇ ಅಳು ಶುರುಮಾಡಿ, ಮನೆಯೊಳಗೆ ಬಂದು ಅದನ್ನು ಮುಗಿಸಿ, ಕಣ್ಣೊರೆಸಿಕೊಂಡು ಉಪಾಯ ಹೇಳಿದಳು.

“ನೋಡ ಬಾಪೂ, ಹಂದಿ ಅನ್ನೂದ ಬಿಡು. ಆಕಳ ಅನ್ನು. ಡಾಕ್ಟರು ಆಕಳ ಅಂದಿದ್ರು, ಮಂದಿ ತಪ್ಪ ಕೇಳಿಸ್ಕೊಂಡಾರ ಅನ್ನು. ಎಲ್ಲಾ ತಣ್ಣಗ ಆಕ್ಕೈತಿ.”

“ಆಕಳಿಗೆ ಹಂಗ ಇರತೈತೋ ಇಲ್ಲೋ ನನಗ ಗೊತ್ತಿಲ್ಲಕ್ಕಾ.”

“ಗೊತ್ತಿಲ್ಲಂದ್ರ ಕೇಳಕೊಂಡ ಬಾ!”

ಹೀಗೆ ಬಾಪುಸಾಹೇಬರು ಅಥಣಿಯ ದನದ ಡಾಕ್ಟರ ಬಳಿಗೆ ಹೋದರು. ಆ ಡಾಕ್ಟರಿಗೆ ಕಾಲೇಜು ಬಿಟ್ಟಂದಿನಿಂದ ಗೊಡ್ಡೆಮ್ಮೆ, ಕಾಲುಬೇನೆ, ಹಿಂಡಿ ತಿನ್ನದ ಎತ್ತು, ಇಷ್ಟು ಬಿಟ್ಟು ಬೇರೆ ವಿಷಯ ಯಾರೂ ಕೇಳಿರಲಿಲ್ಲ. ಪಿತ್ತನಾಳ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅವರು ಎದ್ದು ಬಾಗಿಲು ಮುಂದೆ ಮಾಡಿದರು. ಹೊರಗೆ ಕೋಣಗಳು ಕಾದು ನಿಂತವು.

“ಕುಂದರ್ರಿ, ಕುಂದರ್ರಿ! ಹಂದೀದು ಭಾಳ ಚಂದ ಐತ್ರಿ,” ಎಂದು ಡಾಕ್ಟರು ಮೇಜಿನ ಮೇಲೆ ಗೊರಸಿನ ಮುಲಾಮಿನಿಂದಲೇ ಚಿತ್ರ ಬರೆದರು. “ಇದು ಜಠರ. ಇಲ್ಲೆ ಜಠರ ಮುಗದು ಸಣ್ಣ ಕರಳ ಸುರು ಆಗತೈತಿ. ಹಂದ್ಯಾಗ ಈ ಬಾಗಲಾ ದಾಟಿದ ಕೂಡಲೇ, ಎರಡ ಬಟ್ಟಿನ ಅಂತರದಾಗ, ಪಿತ್ತನಾಳ ಬಂದು ಬೀಳತೈತಿ. ಮೇದೋಜೀರಕದ ನಾಳ ಇದರ ಗೊಡವೀಗೆ ಬರಂಗಿಲ್ಲ. ಸುಮಾರ ಒಂದ ಗೇಣ ಕೆಳಗ ಹೋಗಿ ತನ್ನ ಬಾಗಲಾ ತಾ ತಕ್ಕೋತೈತಿ. ಎಷ್ಟ ಸ್ವಾಭಿಮಾನ ನೋಡ್ರಿ!”

ಬಾಪುಸಾಹೇಬರು ಫಿಲ್ಮು ತೋರಿಸಿದರು. ಡಾಕ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮುಖ ಸಣ್ಣದು ಮಾಡಿದರು. “ನಿಮ್ಮದು ಪೂರಾ ಹಂದೀದರಂಗೂ ಇಲ್ರಿ. ಬಾಗಲಾ ಎರಡ ಅದಾವು, ಖರೆ. ಆದ್ರ ನಡುವ ಅಷ್ಟ ಅಂತರ ಇಲ್ಲ. ಹಂದೀದು ಇದಕ್ಕಿಂತ ಛಲೋ ಇರತೈತಿ.”

ಹಂದಿಗಿಂತ ಕಡಿಮೆಯೆಂದು ಅನ್ನಿಸಿಕೊಂಡದ್ದು ಬಾಪುಸಾಹೇಬರಿಗೆ ಸ್ವಲ್ಪ ನಾಟಿತು. ಅದನ್ನು ನುಂಗಿಕೊಂಡು ಕೇಳಿದರು: “ಆಕಳದು ಹೆಂಗ್ರಿ?”

“ಆಕಳದಾಗೂ ಎರಡು ಬ್ಯಾರೆ ಬ್ಯಾರೇನ. ಆದ್ರ ಜಠರದಿಂದ ಭಾಳ ದೂರ.”

“ಅಂದ್ರ ನಾ ಆಕಳ ನಮೂನಿ ಅಂದ್ರೂ ನಡೀತೈತೇನ್ರಿ?”

“ನಡೀತೈತಿ. ಅನ್ರಿ ಬೇಕಾದ್ರ, ನಂದೇನ ತಕರಾರಿಲ್ಲ.”

ಬಾಪುಸಾಹೇಬರು ಗೆದ್ದವರಂತೆ ಬಾಗಿಲು ತೆರೆದರು. ಹೊರಗೆ, ತಮ್ಮ ಎಮ್ಮೆಯ ಹಗ್ಗ ಹಿಡಿದು ಸಾಲಿನಲ್ಲಿ ನಿಂತಿದ್ದವರು ಸಾಕ್ಷಾತ್ ಕಾಕಾಸಾಹೇಬ ಪಾಟೀಲರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎಮ್ಮೆಯೂ ನೋಡಿತು. ಅಂದು ಸಂಜೆಯ ಹೊತ್ತಿಗೆ ಶೇಡಬಾಳದಲ್ಲಿ ಉಳಿದಿದ್ದ ಸಂಶಯವೆಲ್ಲ ಪರಿಹಾರವಾಯಿತು. ಮಿರಜಿನ ಔಷಧ ಬಾಪೂಗೆ ಇನ್ನು ನಾಟುವುದಿಲ್ಲವಂತೆ, ಈಗ ದನದ ದವಾಖಾನೆಯೇ ಗತಿಯಂತೆ.

ಮುನಿ ಮಹಾರಾಜರು ಬಂದರು. ಮೊದಲ ದಿನ ಊರೆಲ್ಲ ಕಲಶ ಹಿಡಿದು ನಿಂತಿತು. ಮುನಿಗಳು ಬಲಗೈ ಹೆಗಲಿಗಿಟ್ಟು, ಎಡಗೈಯಲ್ಲಿ ನವಿಲುಗರಿಯ ಪಿಂಛಿ ಹಿಡಿದು, ನೆಲ ನೋಡುತ್ತ ಓಣಿಓಣಿ ನಡೆದು, ಎಲ್ಲೂ ನಿಲ್ಲದೆ ಬಸದಿಗೆ ಹಿಂತಿರುಗಿದರು. ಎರಡನೆಯ ದಿನ ಊರು ಬುದ್ಧಿ ಓಡಿಸಿತು. ಒಬ್ಬರ ಕೈಯಲ್ಲಿ ತೆಂಗಿನಕಾಯಿ, ಒಬ್ಬರ ಕೈಯಲ್ಲಿ ಬಾಳೆಗೊನೆ, ಶಿರಗುಪ್ಪಿಯಿಂದ ತರಿಸಿದ ಬೇರುಸಹಿತ ಕಬ್ಬು. ಒಂದು ಮನೆಯಲ್ಲಿ ಗಂಡ ಹೆಂಡತಿ ಬೆನ್ನಿಗೆ ಬೆನ್ನು ಕೊಟ್ಟು ನಿಂತರು. ಕಾಕಾಸಾಹೇಬರು ಐದು ಬಗೆಯ ಹಣ್ಣನ್ನು ತಲೆಯ ಮೇಲಿಟ್ಟುಕೊಂಡು ನಿಂತು, ‘ನಮೋಸ್ತು’ ಎಂದು ಬಗ್ಗಿದಾಗ ದಾಳಿಂಬೆಯೊಂದು ಉರುಳಿ ಗಟಾರಕ್ಕೆ ಬಿತ್ತು. ಮುನಿಗಳು ಅಂದೂ ಹಸಿದೇ ಹಿಂತಿರುಗಿದರು. ಬಾಪುಸಾಹೇಬರ ಮನೆಯ ಬಾಗಿಲು ಎರಡೂ ದಿನ ಮುಚ್ಚಿತ್ತು. ಒಳಗೆ ಸೋನಾಬಾಯಿ ಯಾರಿಗೂ ಬಡಿಸದ ಅಡುಗೆ ಮಾಡಿಟ್ಟು ಕೂತಿದ್ದಳು.

ಮಧ್ಯಾಹ್ನ ಬಸದಿಯ ಅಂಗಳದಲ್ಲಿ ಸಭೆ ಸೇರಿತು. ಬಾಪುಸಾಹೇಬರನ್ನೂ ಕರೆಸಿದರು.

“ಊರಾಗ ಏನೋ ಒಂದ ಅಶುದ್ಧ ಐತಿ. ಅದು ಯಾವುದಂತ ನಾ ಬಾಯಿ ಬಿಟ್ಟ ಹೇಳಂಗಿಲ್ಲ,” ಎಂದು ಕಾಕಾಸಾಹೇಬರು ಬಾಪುಸಾಹೇಬರ ಹೊಟ್ಟೆಯತ್ತ ಕೈ ತೋರಿಸಿದರು. “ಆದ್ರ ನಾವೇನ ನಿರ್ದಯಿಗೋಳಲ್ಲ. ನಿಮ್ಮ ಅಕ್ಕ ನನ್ನ ಮುಂದ ಎಲ್ಲಾ ಹೇಳ್ಯಾಳ. ಅದು ಆಕಳ ನಮೂನಿ ಅಂತಲ್ಲ? ದನದ ಡಾಕ್ಟರೂ ಹೌದ ಅಂದಾರಂತ. ಎಲ್ಲಾರ ಮುಂದ ‘ಆಕಳ’ ಅಂತ ಒಂದ ಮಾತ ಅಂದಬಿಡು. ನಾಳಿ ನೀನೂ ನಿಲ್ಲು. ನಾನ ಬಂದ ನಿನ್ನ ಬಾಗಲಿಗೆ ತೋರಣಾ ಕಟ್ಟತೇನಿ.”

ಬಾಪುಸಾಹೇಬರಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕುವಂತಿರಲಿಲ್ಲ. ಮಾತು ತಯಾರಾಗಿಯೇ ಇತ್ತು. ಎದ್ದು ನಿಂತರು, ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಯಾರೋ ಹಿಂದಿನಿಂದ ನಕ್ಕು, “ಅಥಣಿ ಅನ್ನು ಅಂದ್ರ ರಾಯಬಾಗ ಅಂತಾನ, ಸಂಭಾಳ್ಸರಿ,” ಎಂದರು. ಸಭೆಗೆ ಸಭೆಯೇ ನಕ್ಕಿತು. ಕಾಕಾಸಾಹೇಬರೂ ನಕ್ಕರು. “ಸಣ್ಣ ಮಾತೈತಿ ಬಾಪೂ. ಒಂದ ಸುಳ್ಳು, ಊರಿಗಿ ಶಾಂತಿ,” ಎಂದರು.

ಬಾಪುಸಾಹೇಬರ ಕಿವಿ ಕೆಂಪಾದವು.

“ಹಂದಿ!” ಎಂದರು.

ಬಸ್ ಸ್ಟ್ಯಾಂಡಿನ ದನಿ ಅದು. ಬಸದಿಯ ಮೇಲಿನ ಪಾರಿವಾಳಗಳು ಎದ್ದು ಹಾರಿದವು.

“ಹಂದಿ ಅಂತ ಹೇಳಿದವ್ರು ನನ್ನ ಜೀವಾ ಉಳಸಿದ ಡಾಕ್ಟರು. ಜೀವಾ ಉಳಿಸಿದ್ದು ಈ ನಳಗಿ. ಇದು ನಿಮ್ಮಂಗ ಒಂದ ಬಾಗಲದ್ದ ಇದ್ದಿದ್ರ ಇವತ್ತ ನೀವು ನನ್ನ ಹೆಸರ್ಲೆ ಎರಡ ನಿಮಿಷ ಸುಮ್ಮ ಕುಂಡ್ರತಿದ್ರಿ. ವಚನಶುದ್ಧಿ ಅಂತ ಹೇಳಾಕ ನಿಲ್ಲೂ ಮನಷ್ಯಾಗ ಮೊದಲ ಸುಳ್ಳ ಹೇಳಂತೀರಿ! ನಾ ಹೇಳಂಗಿಲ್ಲ. ನಾಳಿ ಬಾಗಲಾಗ ನಿಲ್ಲತೇನಿ. ಈ ಫೋಟೋನ ತೋರಣಕ್ಕ ಕಟ್ಟಿ ನಿಲ್ಲತೇನಿ. ಮುಚ್ಚಿಟ್ಟ ನಿಂತಾ ಅಂತ ಒಬ್ಬರೂ ಅನಬಾರದು. ಯಾರ ಬರ್ತೀರಿ ತಡಿಯಾಕ, ಬರ್ರಿ!”

ಇಷ್ಟು ಉದ್ದ ಮಾತನ್ನು ಒಂದೂ ಊರು ತಪ್ಪದೆ ಅವರು ಆಡಿದ್ದು ಅದೇ ಮೊದಲು. ಯಾರೂ ನಗಲಿಲ್ಲ.

ಮನೆಗೆ ಬಂದಾಗ ಸಿಟ್ಟು ಇಳಿದಿತ್ತು. ಲಕ್ಷ್ಮಿಬಾಯಿ ಮತ್ತೆ ಅಳು ಶುರುಮಾಡಿದ್ದಳು. ಸುದ್ದಿ ಮುಂಚೆಯೇ ಮುಟ್ಟಿತ್ತು. ಬಾಪುಸಾಹೇಬರು ತಾಯಿಯ ಮುಂದೆ ಕೂತು, “ತಪ್ಪಾತೇನಬೇ ಅವ್ವಾ? ಆಕಳ ಅಂದ ಬಂದಿದ್ರ ಬಗಿಹರೀತಿತ್ತು,” ಎಂದರು.

ಸೋನಾಬಾಯಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು.

“ನೀ ಹುಟ್ಟಿದಾಗ ಆ ಖೋಲ್ಯಾಗ ಆಕಳೂ ಇರಲಿಲ್ಲ, ಹಂದಿನೂ ಇರಲಿಲ್ಲ. ನಾ ಇದ್ನಿ. ಆ ನಳಗಿ ನಾ ಕೊಟ್ಟದ್ದು. ಅದಕ್ಕ ಹೆಸರಿಡಾಕ ಕಾಕಾಸಾಹೇಬ ಯಾರು?” ಎಂದಳು. ಆಮೇಲೆ ಸೊಸೆಯನ್ನು ಕರೆದು, “ಚಂದ್ರಮತೀ, ನಾಳಿ ತಲಿಗೆ ಬಿಗ್ಯಾಗಿ ಅರಬಿ ಕಟ್ಟಕೋ. ನನಗೂ ಒಂದ ಕೊಡು,” ಎಂದಳು.

ಬೆಳಗಾಯಿತು. ಬಾಪುಸಾಹೇಬರು ಮಡಿ ಧೋತರ ಉಟ್ಟು, ಮಾವಿನೆಲೆಯ ತೋರಣದ ನಡುವೆ ಫಿಲ್ಮನ್ನು ದಾರದಿಂದ ಕಟ್ಟಿದರು. ಕಪ್ಪು ಹಾಳೆಯ ಮೇಲೆ ಎರಡು ಬಿಳಿ ಗೆರೆ, ಎರಡು ಬಾಯಿ. ಅದರ ಕೆಳಗೆ ಕಲಶ ಹಿಡಿದು ನಿಂತರು, ಒಂದು ಪಕ್ಕಕ್ಕೆ ತಾಯಿ, ಇನ್ನೊಂದು ಪಕ್ಕಕ್ಕೆ ಹೆಂಡತಿ. ಲಕ್ಷ್ಮಿಬಾಯಿಯೂ ಕಣ್ಣೊರೆಸಿಕೊಂಡು ಹಿಂದೆ ನಿಂತಳು. ಎದುರು ಮನೆಯ ಕಟ್ಟೆಯ ಮೇಲೆ ಸಮಿತಿಯವರು ತಡೆಯುವುದಕ್ಕೆಂದೇ ಕೂತಿದ್ದರು. ಆದರೆ ಮೊದಲು ಎದ್ದು ಬರಬೇಕಾದವರು ಯಾರು ಎಂಬುದು ಅವರಲ್ಲಿ ತೀರ್ಮಾನವಾಗಿರಲಿಲ್ಲ.

ಮುನಿಗಳು ಓಣಿಗೆ ತಿರುಗಿದರು. ಎರಡು ದಿನದ ಹಸಿವೆಗೆ ನಡಿಗೆ ಮೆಲ್ಲಗಾಗಿತ್ತು.

“ಹೇ ಸ್ವಾಮಿ, ನಮೋಸ್ತು, ನಮೋಸ್ತು, ನಮೋಸ್ತು! ಅತ್ರ ತಿಷ್ಠ, ತಿಷ್ಠ!” ಎಂದರು ಬಾಪುಸಾಹೇಬರು.

ಮುನಿಗಳು ನಿಂತರು.

ಎದುರಿನ ಕಟ್ಟೆಯಿಂದ ಕಾಕಾಸಾಹೇಬರು ಧಡಕ್ಕನೆ ಎದ್ದರು. ಮುನಿಗಳ ಮುಂದೆ ಕೂಗಾಡುವಂತಿಲ್ಲ. ಆದ್ದರಿಂದ ಅವರು ಹಿಂದಿನಿಂದಲೇ ಸನ್ನೆಯಲ್ಲಿ ಹೇಳಲು ಹೊರಟರು. ಮೂಗನ್ನು ಬೆರಳಿನಿಂದ ಮೇಲೆತ್ತಿದರು, ಹೊಟ್ಟೆ ತೋರಿಸಿದರು, ಕೈ ಅಲ್ಲಾಡಿಸಿದರು. ಅದನ್ನು ನೋಡಿದವನು ರಾಜಾರಾಮ ಒಬ್ಬನೇ. ಪಾಟೀಲರಿಗೂ ಅದೇ ನಳಗಿ ಇದೆಯೆಂದು ಅವನು ತಿಳಿದುಕೊಂಡ.

ಬಾಪುಸಾಹೇಬರು ಮುನಿಗಳಿಗೆ ಮೂರು ಸುತ್ತು ಬಂದು ಕೈಮುಗಿದು ನಿಂತರು.

“ಮನಶುದ್ಧಿ,” ಎಂದರು. “ವಚನಶುದ್ಧಿ.” ಒಂದು ಸಲ ಕಾಕಾಸಾಹೇಬರ ಕಡೆ ನೋಡಿದರು. “ಕಾಯಶುದ್ಧಿ! ಪಿತ್ತನಾಳ ಹಂದಿ ನಮೂನಿ ಐತ್ರಿ ಮಹಾರಾಜ್, ಹುಟ್ಟಿನಿಂದ. ಆಹಾರ ಜಲ ಶುದ್ಧ!”

ಆಹಾರಕ್ಕೆ ಹೊರಟ ಮುನಿಗಳಿಗೆ ಮೌನ. ಅವರು ಮುಖವೆತ್ತಿ ಬಾಪುಸಾಹೇಬರನ್ನು ಒಮ್ಮೆ ನೋಡಿದರು. ಹೊಸ್ತಿಲನ್ನು ಪಿಂಛಿಯಿಂದ ಮೆಲ್ಲಗೆ ಸವರಿ, ಒಳಗೆ ಹೆಜ್ಜೆಯಿಟ್ಟರು.

ಮೊದಲ ತುತ್ತು ಇಟ್ಟವಳು ಸೋನಾಬಾಯಿ. ಎರಡನೆಯ ತುತ್ತನ್ನು ಆಕೆ ಬೆಳಕಿಗೆ ಹಿಡಿದು ಎರಡು ಸಲ ನೋಡಿ ಇಟ್ಟಳು. ತಲೆಗೆ ಕಟ್ಟಿದ್ದ ಬಟ್ಟೆಯನ್ನು ಚಂದ್ರಮತಿ ಹಿಂದಿನಿಂದ ಇನ್ನಷ್ಟು ಬಿಗಿಹಿಡಿದಳು. ಮೂರನೆಯದೂ ಹೋಯಿತು, ನಾಲ್ಕನೆಯದೂ ಹೋಯಿತು. ಮುನಿಗಳು ಕೊನೆಯ ನೀರಿನವರೆಗೂ ನಿಂತರು. ಮುದುಕಿ ಅಲ್ಲೇ ಗೋಡೆ ಹಿಡಿದು ನೆಲಕ್ಕೆ ಕೂತಳು, ಕಣ್ಣಲ್ಲಿ ಧಾರೆಯಾಗಿ ನೀರು.

ಆಹಾರ ಮುಗಿದು ಹೊರಡುವಾಗ ಮುನಿಗಳು ಬಾಪುಸಾಹೇಬರನ್ನು ಕೇಳಿದ್ದು ಒಂದೇ ಮಾತು.

“ಹೊಟ್ಟಿನೋವು ಹೋತೇನಪಾ?”

“ಹೋತ್ರಿ ಮಹಾರಾಜ್.”

“ಛಲೋ ಆತು,” ಎಂದು ಹೊರಟರು. ಆ ದಿನದ ನೇಮ ಏನಿತ್ತೆಂದು ಯಾರೂ ಕೇಳುವಂತಿರಲಿಲ್ಲ, ಅವರೂ ಹೇಳಲಿಲ್ಲ.

ಅವರು ಹೇಳದಿದ್ದರೇನು, ಊರಿಗೆ ಗೊತ್ತಾಯಿತು. ಮರುದಿನ ಬೆಳಿಗ್ಗೆ ಬಸದಿಯಿಂದ ಸ್ಟೇಶನ್ ರಸ್ತೆಯವರೆಗೆ ಪ್ರತಿ ತೋರಣದಲ್ಲೂ ಒಂದೊಂದು ಎಕ್ಸರೇ ತೂಗುತ್ತಿತ್ತು. ಮೊಣಕಾಲು, ಎದೆಗೂಡು, ಸೊಂಟ, ನಾಲ್ಕಾಣೆ ನುಂಗಿದ ಮಗುವಿನ ಹೊಟ್ಟೆ. ಏನೂ ಇಲ್ಲದ ಒಂದು ಮನೆಯವರು ಮೊದಲ ಗಾಡಿಗೆ ಮಿರಜಿಗೆ ಹೋಗಿ ಯಾರದೋ ತಲೆಬುರುಡೆ ಬೇಡಿ ತಂದಿದ್ದರು. ಕಾಕಾಸಾಹೇಬರ ಬಾಗಿಲಲ್ಲಿ ಅವರದೇ ಮುರಿದ ಪಾದ, ಸುತ್ತಲೂ ಚೆಂಡುಹೂವು. ಮುನಿಗಳು ನೆಲ ನೋಡುತ್ತ ಆ ಮೂಳೆಗಳ ಅಡಿಯಲ್ಲೇ ನಡೆದು, ಓಣಿಯ ಕೊನೆಯಲ್ಲಿ ಎಲ್ಲಿಯೂ ಎಕ್ಸರೇ ಸಿಗದೆ ಅಳುತ್ತ ನಿಂತಿದ್ದ ಗಂಗೂಬಾಯಿಯ ಮುಂದೆ ನಿಂತರು.

ಇದರಿಂದ ಬೇರೆಯವರು ಪಾಠ ಕಲಿತಿರಬಹುದು. ಕಾಕಾಸಾಹೇಬರು ಕಲಿಯುವವರಲ್ಲ. ಮಧ್ಯಾಹ್ನವೇ ಅವರು ಬಾಪುಸಾಹೇಬರ ಮನೆಗೆ ಬಂದು ಕೂತರು. ಕೊಟ್ಟ ನೀರನ್ನು ಗಟಗಟ ಕುಡಿದರು. ಮಜ್ಜಿಗೆಯನ್ನೂ ಕೇಳಿ ಕುಡಿದರು.

“ಬಾಪೂ, ಪಾದದ್ದು ನಡೀಲಿಲ್ಲ. ನಾಳಿಗೊಂದ ದಿನ ನಿಂದು ಕೊಡು.”

“ನಂದ್ಯಾವುದ್ರಿ ಕಾಕಾ?”

“ಅದ, ಎರಡ ಬಾಗಲದ್ದು. ಹಂದಿ ನಮೂನಿ. ಬೇಕಾದ್ರ ನಾನೂ ಹಂದಿ ಅಂತನ ಕೂಗಿ ಹೇಳತೇನಿ. ಆಕಳ ಅನ್ನಂಗಿಲ್ಲ, ಆಣಿ.”

ಬಾಪುಸಾಹೇಬರು ತೋರಣದಿಂದ ಫಿಲ್ಮು ಬಿಚ್ಚಿದರು. ಬೆಳಕಿಗೆ ಹಿಡಿದು ಒಂದು ಸಲ ನೋಡಿದರು. ಕಾಕಾಸಾಹೇಬರು ಎರಡೂ ಕೈ ಚಾಚಿದರು. ಬಾಪುಸಾಹೇಬರು ಅದನ್ನು ಲಕೋಟೆಗೆ ತೂರಿಸಿ, ಲಕೋಟೆಯನ್ನು ಕಪಾಟಿನಲ್ಲಿಟ್ಟು, ಕಪಾಟಿಗೆ ಕೀಲಿ ಹಾಕಿದರು.

“ಕಾಕಾ,” ಎಂದರು, “ಇದು ಹುಟ್ಟಿನಿಂದ ಬರಬೇಕ್ರಿ. ಎರವಲಾ ಸಿಗಂಗಿಲ್ಲ.”